ಹೊಗೆಗಣ್ಣನ ಕೋಡು

ಬೆಟಗೇರಿ,
ಶನಿವಾರ, ೬ ಅಕ್ಟೋಬರ್ ೧೯೫೬

ಪ್ರೀತಿಯ ಅಪ್ಪಾ,

ಬಾಬಣ್ಣನ ನಮಸ್ಕಾರ. ಕಣ್ಣಿನ ಪಟ್ಟಿ ಬಿಚ್ಚಿದರೋ ಇಲ್ಲವೋ? ‘ಡಾಕ್ಟರು ಇನ್ನೂ ಎಂಟು ದಿನ ಅಂದಾರ’ ಎಂದು ತಂಗಿ ಮಲ್ಲವ್ವ ಕಾರ್ಡು ಬರೆದು ಹನ್ನೆರಡು ದಿನವಾಯಿತು. ಬಿಚ್ಚಿದ್ದರೂ ಈ ಕಾಗದವನ್ನು ನೀವೇ ಓದುವ ಹಟ ಮಾಡಬೇಡಿ, ಅವಳ ಕೈಯಿಂದ ಓದಿಸಿ. ಅವಳು ನಡುವೆ ಓದು ನಿಲ್ಲಿಸಿ ನಿಮ್ಮ ಮುಖ ನೋಡಿದರೆ, ಮುಂದಿನ ಸಾಲು ನಿಮಗೆ ಸಿಟ್ಟು ಬರಿಸುವಂಥದ್ದು ಎಂದು ತಿಳಿಯಿರಿ. ಅಂಥವು ಮೂರು ನಾಲ್ಕು ಕಡೆ ಇವೆ. ಸೊಲ್ಲಾಪುರದ ನೀರು ನಿಮಗೆ ಹಿಡಿಸಿತೇ? ಅವ್ವ ಆರಾಮ ಇದ್ದಾಳೆ. ‘ನಿಮ್ಮಪ್ಪಾರು ಅಲ್ಲಿ ಕದ್ದು ಖಾರ ತಿನ್ನಾಕ ಹತ್ತ್ಯಾರ, ಬರದ ಕೇಳು’ ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಳೆ. ಕೇಳಿದ್ದೇನೆ. ಉತ್ತರ ನನಗೆ ಗೊತ್ತಿದೆ.

ಸುದ್ದಿ ನಿಮ್ಮ ಹೊಗೆಗಣ್ಣನದು. ಲಕ್ಷ್ಮೇಶ್ವರದ ಮುರ್ತುಜಾ ಸಾಹೇಬರು, ಟೂರಿಂಗ್ ಟಾಕೀಸಿನವರು, ನಿಮ್ಮ ‘ವಜ್ರಬಾಹು’ ಚಿತ್ರಪುಸ್ತಕಗಳನ್ನು ಸಿನೆಮಾ ಮಾಡುತ್ತಾರೆಂದು ಶ್ರಾವಣದಲ್ಲೇ ಬರೆದಿದ್ದೆ. ಮಗ್ಗದ ಬಿಡುವಿನಲ್ಲಿ ಗದಗಿನ ಪ್ರೆಸ್ಸಿಗೆಂದು ನೀವು ಬರೆದ ಆ ಹನ್ನೆರಡು ಪುಸ್ತಕ ಲಕ್ಕುಂಡಿಯಿಂದ ಮುಂಡರಗಿಯವರೆಗೆ ಹುಡುಗರ ಕೈಯಲ್ಲಿ ಹರಿದು ಚಿಂದಿಯಾದವು. ಒಂದೇ ಕೈಯಲ್ಲಿ ರೈಲು ನಿಲ್ಲಿಸುವ ವಜ್ರಬಾಹುವಿಗಿಂತ ಅವರಿಗೆ ನೆನಪುಳಿದವನು ಹೊಗೆಗಣ್ಣ: ಎರಡು ಕೋಡು, ಹದಿನಾರು ಕೈ, ಗುಡುಗಿನ ದನಿ, ಹೊಗೆಯಾಡುವ ಕಣ್ಣು, ನೋಡಿದವರನ್ನೆಲ್ಲ ಕಲ್ಲು ಮಾಡುವ ನೋಟ. ಸಾಹೇಬರಿಗೆ ವಜ್ರಬಾಹು ಬೇಕು, ಈ ಹೊಗೆಗಣ್ಣ ಬೇಡ. ಕಳೆದ ಬೇಸಿಗೆಯಲ್ಲಿ ಮುಂಡರಗಿಯ ತಂಬುವಿನಲ್ಲಿ ಒಂದು ಸಿನೆಮಾದ ರಾಕ್ಷಸ ಆಕಾಶದಲ್ಲಿ ಹಾರುವಾಗ ಅವನ ಸೊಂಟದ ತಂತಿ ಕಂಡಿತಂತೆ. ಕೊರ್ಲಹಳ್ಳಿಯಿಂದ ಬಂದವನೊಬ್ಬ ಎದ್ದು ನಿಂತು, ‘ಏ, ಹಗ್ಗ ಜ್ವಾಕೀಲೇ, ರಾಕ್ಷಸಪ್ಪ ಬಿದ್ದಗಿದ್ದಾನು!’ ಎಂದು ಕೂಗಿದನಂತೆ. ಮುಂದೆ ಆಟ ಮುಗಿಯುವವರೆಗೆ ಬರೀ ನಗು. ‘ಬಾಬಣ್ಣ, ಈಗಿನ ಮಂದಿ ಜೇಲು ನೋಡ್ಯಾರ, ಲಾಠಿ ತಿಂದಾರ, ರಟ್ಟಿನ ಕೋಡಿಗೆ ಅಂಜಂಗಿಲ್ಲ. ನಿಮ್ಮಪ್ಪಾರ ರಾಕ್ಷಸನ್ನ ಓಣ್ಯಾಗ ಅಡ್ಡಾಡೂ ಮನಷ್ಯಾನ್ನ ಮಾಡಿಕೊಡು’ ಎಂದರು ಸಾಹೇಬರು. ಬನ್ನಿ ಹಬ್ಬದ ಮರುದಿನ ಅವರು ಕೊಲ್ಲಾಪುರದ ಸ್ಟುಡಿಯೋಕ್ಕೆ ಹೊರಡುತ್ತಾರೆ. ಅಷ್ಟರಲ್ಲಿ ನನ್ನ ಮನುಷ್ಯ ಸಿದ್ಧವಾಗಬೇಕು. ಆಗದಿದ್ದರೆ ಕೋಡಿನವನನ್ನೇ ಹೊತ್ತುಕೊಂಡು ಹೋಗುತ್ತಾರೆ.

ನೀವು ಆಗ ಬರೆಸಿ ಕಳಿಸಿದ ಉತ್ತರ ನನ್ನ ಮುಂದೆಯೇ ಇದೆ. ‘ಕೋಡಿದ್ದ ರಾಕ್ಷಸನ್ನ ಬೈದ್ರ ಯಾರ ಮಗ್ಗಾನೂ ನಿಲ್ಲಂಗಿಲ್ಲ. ಕೋಡು ತಗದಿ ಅಂದ್ರ ಅಂವ ಯಾರರೆ ಒಬ್ಬ ಆಗಾಕ ಬೇಕು. ಆ ಒಬ್ಬ ಯಾರು? ಮದಲ ಅದನ್ನ ಹೇಳು.’ ಅದಕ್ಕೆ ನಾನು ಏನು ಬರೆದೆ? ಇದು ಅಂಜುಬುರುಕರ ಮಾತು ಎಂದು ಬರೆದೆ. ನಲವತ್ತೆರಡರಲ್ಲಿ ಹಿಂಡಲಗಾ ಜೈಲು ಕಂಡವನು, ಏಕೀಕರಣದ ಮೆರವಣಿಗೆಗಳಲ್ಲಿ ಗಂಟಲು ಹರಿದುಕೊಂಡವನು, ವಾರಪತ್ರಿಕೆಯಲ್ಲಿ ಯಾರನ್ನೂ ಬಿಡದೆ ಬೈಯುವವನು, ಸ್ವಂತ ಅಪ್ಪನನ್ನು ಬಿಟ್ಟೇನೆಯೇ? ತಪ್ಪಾಯಿತು. ಯಾಕೆ ತಪ್ಪಾಯಿತೆಂದು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ವಜ್ರಬಾಹುವನ್ನು ಮನುಷ್ಯನನ್ನಾಗಿ ಮಾಡುವುದು ಅರ್ಧ ಗಂಟೆಯ ಕೆಲಸವಾಯಿತು. ನಮ್ಮ ಗರಡಿಯ ಪೈಲ್ವಾನ ಸಕ್ರಪ್ಪನಿಗೆ ಒಂದು ಬಿಳಿ ಅಂಗಿ ತೊಡಿಸಿದೆ, ಮುಗಿಯಿತು. ಶಕ್ತಿಯನ್ನು ನಂಬಿಸುವುದು ಸುಲಭ, ಕೇಡನ್ನು ನಂಬಿಸುವುದೇ ಕಷ್ಟ. ಹೊಗೆಗಣ್ಣನ ಒಂದೊಂದು ಮಾಟವನ್ನೂ ಎದುರಿಗಿಟ್ಟುಕೊಂಡು, ಇದನ್ನು ಮಂತ್ರವಿಲ್ಲದೆ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ಹದಿನಾರು ಕೈ ಎಂದರೇನು? ತನ್ನ ಎರಡು ಕೈಗೆ ಹೊಲಸು ತಾಕದಂತೆ ಕೆಲಸ ಮಾಡಿಕೊಡುವ ಬೇರೆಯವರ ಕೈಗಳು. ಗುಡುಗಿನ ದನಿಯನ್ನು ತಿರುವಿ ಹಾಕಿದೆ: ನನ್ನ ಖಳ ದನಿ ಏರಿಸುವುದೇ ಇಲ್ಲ. ಎಷ್ಟು ಮೆಲ್ಲಗೆ ಮಾತಾಡುತ್ತಾನೆಂದರೆ ಕೇಳಿಸಿಕೊಳ್ಳಲು ಎದುರಿನವರು ಬಾಗಲೇಬೇಕು. ಕಲ್ಲು ಮಾಡುವ ನೋಟ ಮಾತ್ರ ನಾಲ್ಕು ದಿನ ಕಾಡಿತು. ಐದನೆಯ ದಿನ ಅಂದಾನಪ್ಪ ಸಾವಕಾರರ ನೂಲಿನ ಅಂಗಡಿಗೆ ಹೋಗಿದ್ದೆ. ನಮ್ಮ ಓಣಿಯ ಮುದುಕನೊಬ್ಬ ನೇಯ್ದು ತಂದ ಸೀರೆಯನ್ನು ಗಾದಿಯ ಮುಂದೆ ಬಿಚ್ಚಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಸಾವಕಾರರು ಚಷ್ಮಾ ಹಣೆಗೇರಿಸಿದರು, ಸೀರೆಯನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಎಷ್ಟು ಹೊತ್ತು! ಆ ಮುದುಕ ರೆಪ್ಪೆ ಸಹ ಬಡಿಯಲಿಲ್ಲ, ಅಪ್ಪಾ. ಎಪ್ಪತ್ತು ವರ್ಷದ ಜೀವ ನನ್ನ ಕಣ್ಣೆದುರಿಗೆ ಕಲ್ಲಾಯಿತು. ಸಿಕ್ಕ, ಸಿಕ್ಕ ಎಂದು ಮನೆಗೆ ಓಡಿ ಬಂದು ಬರೆದೆ.

ಸಿಕ್ಕವನು ಎಂಥವನೆಂದು ನಿಮಗೆ ಹೇಳಬೇಕಿಲ್ಲ. ನಾನು ಜೈಲಿನಿಂದ ಬಂದ ದಿನ ಗದಗ ಸ್ಟೇಷನ್ನಿನಲ್ಲಿ ಮೊದಲ ಹಾರ ಹಾಕಿದವರು ಅವರೇ. ಕರ್ನಾಟಕ ಒಂದಾಗಲಿ ಎಂದು ಶಿರಹಟ್ಟಿಯಿಂದ ಮಂದಿ ನಡೆದು ಬಂದಾಗ ರೊಟ್ಟಿ, ಪಲ್ಯ, ಹಿಂಡಿ ಮಾಡಿಸಿ ಬಡಿಸಿದವರೂ ಅವರೇ. ಬರುವ ತಿಂಗಳು ಒಂದಕ್ಕೆ ನಾವು ಮುಂಬೈ ರಾಜ್ಯ ಬಿಟ್ಟು ನಮ್ಮವರನ್ನು ಕೂಡಿಕೊಳ್ಳುತ್ತೇವಲ್ಲ, ಆ ಹಬ್ಬದ ಸಮಿತಿಗೆ ಅಧ್ಯಕ್ಷರೂ ಅವರೇ. ನಿಮ್ಮ ಹೊಗೆಗಣ್ಣ ಯಾರಿಗೂ ರೊಟ್ಟಿ ಹಾಕಿದವನಲ್ಲ. ಅವನನ್ನು ಹೊಡೆಯುವಾಗ ವಜ್ರಬಾಹುವಿನ ಕೈ ಹಿಂಜರಿಯಬೇಕಿರಲಿಲ್ಲ. ನಾನು ಹೆಸರು ಬದಲಿಸಿದೆ, ಊರು ಬದಲಿಸಿದೆ. ಗಾದಿ, ಚಷ್ಮಾ, ಮೆಲುದನಿ ಬಿಡಲಾಗಲಿಲ್ಲ. ಬಿಟ್ಟರೆ ಉಳಿಯುವುದು ಮತ್ತೆ ರಟ್ಟಿನ ರಾಕ್ಷಸನೇ.

ಸ್ಟುಡಿಯೋಕ್ಕೆ ಹೋಗುವ ಮೊದಲು ಓಣಿಯಲ್ಲಿ ಒಮ್ಮೆ ನಾಟಕದಂತೆ ಆಡಿ ತೋರಿಸಿರಿ, ಮಂದಿ ಎಲ್ಲಿ ನಗುತ್ತಾರೆ, ಎಲ್ಲಿ ಹಲ್ಲು ಕಡಿಯುತ್ತಾರೆ ನೋಡೋಣ ಎಂದರು ಸಾಹೇಬರು. ಖಳನ ಪಾತ್ರಕ್ಕೆ ನಮ್ಮ ಪಕ್ಕದ ಮನೆಯ ಕಳಕಪ್ಪ ಒಪ್ಪಿದ, ಆಟ ಕಲಿಸುವ ನನ್ನನ್ನು ಮಾಸ್ತರ ಎನ್ನತೊಡಗಿದ. ಅವನು ಕೂಡುವ ಮಗ್ಗ ಸಾವಕಾರರದು, ನೇಯುವ ನೂಲು ಸಾವಕಾರರದು. ವಾರಕ್ಕೊಮ್ಮೆ ಆ ಗಾದಿಯ ಮುಂದೆ ಕುಕ್ಕರಗಾಲಿನಲ್ಲಿ ಕೂಡುವವನು. ಹೀಗಾಗಿ ಅವರ ನಡಿಗೆಯನ್ನು ನಾನು ಕಲಿಸಬೇಕಾಗಲಿಲ್ಲ. ಕೆಮ್ಮು ಕೂಡ ಅವರದೇ ಬಂತು. ಮೊನ್ನೆ ಗುರುವಾರ ಅಮಾವಾಸ್ಯೆ, ಮಗ್ಗಕ್ಕೆ ಬಿಡುವು. ಊಟದ ಮೇಲೆ ಆಟ ಎಂದು ಗೊತ್ತು ಮಾಡಿದೆವು. ಆಗ ಆದದ್ದು ಕೇಳಿ. ನಮ್ಮ ಓಣಿಯಲ್ಲಿ ಯಾವ ಆಟವಾದರೂ ಮೊದಲ ಕಾಯಿ, ಎಲೆ ಅಡಿಕೆ ನೂಲು ಕೊಡುವವರ ಮನೆಗೆ ಹೋಗುವುದು ನಿಮ್ಮ ಕಾಲದಿಂದಲೂ ಇದ್ದದ್ದೇ. ಕಳಕಪ್ಪನ ಹೆಂಡತಿ ಉಡಚವ್ವ ಮುಂಜಾನೆ ಮಡಿ ಸೀರೆ ಉಟ್ಟು, ತಾಟಿನಲ್ಲಿ ಕಾಯಿ ಇಟ್ಟುಕೊಂಡು ಹೋಗಿ, ಅಂದಾನಪ್ಪ ಸಾವಕಾರರನ್ನು ಆಟಕ್ಕೆ ಕರೆದು ಬಂದಿದ್ದಳು! ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಕಳಕಪ್ಪನಿಗೆ ಅದರಲ್ಲಿ ತಪ್ಪೇನೆಂದೇ ತಿಳಿಯಲಿಲ್ಲ. ‘ಆಟ ಅಂದಮ್ಯಾಲ ಸಾವಕಾರ್ರಿಗೆ ಕಾಯಿ ಕೊಡದ ಹ್ಯಾಂಗರೀ ಮಾಸ್ತರ? ಕೆಟ್ಟ ಕಾಣಸ್ತದಲ್ಲ!’ ಅವರನ್ನು ಖಳ ಮಾಡಿ ಕುಣಿಸುವುದು ಕೆಟ್ಟದಲ್ಲ, ಕಾಯಿ ಕೊಡದಿರುವುದು ಕೆಟ್ಟದ್ದು. ನಗಬೇಕೋ ಅಳಬೇಕೋ?

ಬಂದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದೆವು. ಪರದೆ ಸರಿಯಿತು, ಕಳಕಪ್ಪ ಒಮ್ಮೆ ಕೆಮ್ಮಿ, ಧೋತರದ ಚುಂಗು ಎಡಗೈಯಲ್ಲಿ ಹಿಡಿದು ನಡೆದು ಬಂದು, ಗಾದಿಯ ಮೇಲೆ ಕುಳಿತು, ಚಷ್ಮಾ ಹಣೆಗೇರಿಸಿ ಮಂದಿಯತ್ತ ನೋಡಿದ. ಮಂದಿ ಹಲ್ಲು ಕಡಿಯುತ್ತಾರೆಂದು ನಾನು ಕಾದಿದ್ದೆ. ಮಂದಿ ಎದ್ದು ನಿಂತರು, ಅಪ್ಪಾ! ಮೊದಲು ಮುಂದಿನ ಮುದುಕರು, ಅವರ ಹಿಂದೆ ಹೆಂಗಸರು, ಆಮೇಲೆ ಇಡೀ ಓಣಿ. ಕೈ ಮುಗಿದುಕೊಂಡು. ವಜ್ರಬಾಹುವಾದ ಸಕ್ರಪ್ಪ ತೋಳು ತಟ್ಟಿಕೊಂಡು ಒಳಗೆ ನುಗ್ಗಬೇಕಿತ್ತು. ನುಗ್ಗಿದ, ಗಾದಿ ನೋಡಿದ, ಮಾತು ಮರೆತು ಅವನೂ ಕೈ ಮುಗಿದು ಬದಿಗೆ ನಿಂತ. ದಿನಾ ಬೆಳಗ್ಗೆ ಗರಡಿಯ ಗುಂಡು ಎತ್ತಿ ಒಗೆಯುವ ತೋಳು ಅವು! ಕುರ್ಚಿಯಲ್ಲಿದ್ದ ಅಂದಾನಪ್ಪನವರು ನಕ್ಕು, ‘ಕುಂಡ್ರಿ, ಕುಂಡ್ರಿ. ಆಟ ನಡೀಲಿ’ ಎಂದರು. ಎಲ್ಲರೂ ಕುಳಿತರು. ಗಾದಿಯ ಮೇಲಿದ್ದ ಕಳಕಪ್ಪ ಕೂಡ ಆ ಮಾತಿಗೆ ಗಾದಿ ಬಿಟ್ಟಿಳಿದು ನೆಲದ ಮೇಲೆ ಕುಳಿತ. ಮುಗಿಯಿತು ನಮ್ಮ ಆಟ. ಮುರ್ತುಜಾ ಸಾಹೇಬರು ಹಣೆ ಚಚ್ಚಿಕೊಂಡರು. ‘ಇಂವನ್ನ ಹೊಡದ್ರ ಮಂದಿ ನನ್ನ ತಂಬೂ ಹರದ ಹಾಕ್ತಾರ. ಕೋಡು ತಿರುಗಿ ಹಚ್ಚು, ಮಾರಾಯಾ’ ಎಂದರು.

ಇನ್ನೊಂದು ಮಾತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಮಾತು ಎತ್ತಿಕೊಡುತ್ತಿದ್ದ ನಾನೂ ಎದ್ದು ನಿಂತಿದ್ದೆ. ಯಾವಾಗ ಎದ್ದೆ ಎಂದು ನನಗೆ ಗೊತ್ತಿಲ್ಲ. ‘ಕುಂಡ್ರಿ’ ಎಂದಾಗ ಕುಳಿತದ್ದು ಮಾತ್ರ ಗೊತ್ತಾಯಿತು. ಪೋಲೀಸರ ಎದುರು ಬಾಗದ ಬೆನ್ನು ಎಂದು ಎಷ್ಟು ಸಭೆಗಳಲ್ಲಿ ಹೇಳಿಕೊಂಡಿದ್ದೇನೆ! ಬ್ರಿಟಿಷರು ಹೋದರು, ಸಂಸ್ಥಾನಗಳು ಹೋದವು, ನಾಳೆ ಮುಂಬೈ ರಾಜ್ಯವೂ ಹೋಗುತ್ತದೆ. ಈ ಕಾಲುಗಳಿಗೆ ಮಾತ್ರ ಯಾವ ಸುದ್ದಿಯೂ ಮುಟ್ಟಿಲ್ಲ. ನನ್ನ ಖಳನ ಮಾಟ ಅವನ ನೋಟದಲ್ಲಿತ್ತು ಎಂದುಕೊಂಡಿದ್ದೆನಲ್ಲ, ಅದು ನಮ್ಮ ಮೊಣಕಾಲಿನಲ್ಲಿದೆ. ಅದನ್ನು ಯಾವ ಕ್ಯಾಮೆರಾದಲ್ಲಿ ತೋರಿಸಲಿ?

ಅಂದಾನಪ್ಪನವರು ಏಳುವಾಗ ಕಳಕಪ್ಪನನ್ನು ಹತ್ತಿರ ಕರೆದು ಎಂದಿನ ಮೆಲುದನಿಯಲ್ಲಿ, ‘ಚಲೋ ಮಾಡೀ ತಮ್ಮಾ. ಆದ್ರ ಇದು ಯಾರ ಕಥಿ ಅಂತ ತಿಳೀಲಿಲ್ಲ. ಶನಿವಾರ ನೂಲಿಗೆ ಬರ್ತೀಯಲ್ಲ, ಅವಾಗ ಹೇಳು’ ಎಂದರು. ನಾವೆಲ್ಲ ಬಾಗಿ ಕೇಳಿದೆವು. ಆಗಿನಿಂದ ಕಳಕಪ್ಪನ ಮನೆಯಲ್ಲಿ ಯಾರಿಗೂ ಅನ್ನ ಸೇರುತ್ತಿಲ್ಲ. ಉಡಚವ್ವ ಬಸುರಿ. ನಿನ್ನೆ ಅವನನ್ನು ಕೂಡಿಸಿಕೊಂಡು ನಾನೇ ಪಾಠ ಮಾಡಿದೆ: ‘ಇದು ಮಾಸ್ತರ ಅಪ್ಪಾರು ನಿಂಗಪ್ಪನವರ ಹಳೇ ಪುಸ್ತಕದ ರಾಕ್ಷಸನ ಕಥಿರಿ, ಕೋಡು ಇನ್ನೂ ತಯಾರಾಗಿರಲಿಲ್ಲ’ ಎಂದು ಹೇಳು. ಹೌದು, ನಾನೇ ಕಲಿಸಿದೆ. ಇವತ್ತು ಶನಿವಾರ. ಒಂಬತ್ತಕ್ಕೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ಅವನ ಮನೆಯಿಂದ ಮಗ್ಗದ ಲಾಳಿಯ ಸದ್ದಿಲ್ಲ. ನಾನು ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದೆ. ಅದಕ್ಕೇ ಅಕ್ಷರ ಇಷ್ಟು ಕೆಟ್ಟಿದೆ.

ಇನ್ನು ನನ್ನ ಬೇಡಿಕೆ. ‘ನನ್ನ ಚಿತ್ರಕ್ಕೆ ಕೈ ಹಚ್ಚಬ್ಯಾಡ, ಕೋಡು ಇರಲೇ ಬೇಕು’ ಎಂದು ನೀವು ಸಹಿ ಹಾಕಿ ಒಂದು ಚೀಟಿ ಕಳಿಸಿ. ಅಂಜಿ ಕೋಡು ಹಚ್ಚಿದೆಯಾ ಎಂದು ಕೇಳಿದವರಿಗೆ, ಚಿತ್ರ ಅಪ್ಪನದು, ಅವರ ಮಾತು ಮೀರಲಾರೆ ಎಂದು ತೋರಿಸುತ್ತೇನೆ. ಖರೆ ಹೇಳಿದರೆ ಅಪ್ಪನ ಹೆಗಲ ಹಿಂದೆ ಅಡಗುವುದು ಇದು. ನಿಮ್ಮನ್ನು ಅಂಜುಬುರುಕ ಎಂದ ಕೈಯೇ ಇದನ್ನು ಬರೆಯುತ್ತಿದೆ. ನೀವು ಕೋಡು ಹಚ್ಚಿದ್ದು ಓಣಿಯವರ ಮಗ್ಗ ನಿಲ್ಲದಿರಲೆಂದು. ನಾನು ಈಗ ಹಚ್ಚುತ್ತಿರುವುದು ಯಾತಕ್ಕೆ? ಕಳಕಪ್ಪನಿಗಾಗಿ ಎಂದು ನೂರು ಸಲ ಹೇಳಿಕೊಂಡೆ. ಅರ್ಧ ಖರೆ ಇರಬಹುದು.

ಅವ್ವನ ಮಾತು: ಔಷಧ ಹಾಕಿಕೊಂಡು ಬಿಸಿಲಿಗೆ ಹೋಗಬೇಡಿ. ಮಲ್ಲವ್ವನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಕಣ್ಣಿಗೆ ಮೊದಲಿನ ಬೆಳಕು ಬರಲಿ, ನನ್ನ ಮೇಲಿನ ಸಿಟ್ಟು ಕಣ್ಣಿನ ಉರಿಗಿಂತ ಜಲ್ದಿ ಇಳಿಯಲಿ.

ನಿಮ್ಮ ಮಗ,
ಬಾಬಣ್ಣ

ತಾ.ಕ.: ಲಕೋಟೆ ಅಂಟಿಸುವಾಗ ಕಳಕಪ್ಪ ಬಂದ. ನಾನು ಕಲಿಸಿದ್ದನ್ನು ಅವನು ಹೇಳಲೇ ಇಲ್ಲ! ‘ಯಾರ ಕಥಿ ತಮ್ಮಾ?’ ಎಂದು ಚಷ್ಮಾ ಏರಿಸಿ ನೋಡಿದರಂತೆ. ‘ನಿಮ್ಮದರಿ’ ಎಂದನಂತೆ. ‘ಬಾಯಿಗೆ ಅದ ಬಂತರೀ ಮಾಸ್ತರ, ನಾ ಏನ ಮಾಡಲಿ? ನೀವು ಕಲಿಸಿದ್ದು ಭಾಳ ಉದ್ದ ಇತ್ತು’ ಎಂದು ಈಗ ಕಟ್ಟೆಯ ಮೇಲೆ ಕುಳಿತು ನಡುಗುತ್ತಾನೆ, ನಡುಗುತ್ತಲೇ ನಗುತ್ತಾನೆ. ನೂಲು ನಿಂತಿತು. ಸಂಜೆಗೆ ಮಗ್ಗ ಬಿಚ್ಚಿಕೊಂಡು ಹೋಗಲು ಸಾವಕಾರರ ಆಳುಗಳು ಬರುತ್ತಾರಂತೆ. ಮೇಲೆ ಬೇಡಿದ ಚೀಟಿ ಬೇಡ, ಮಲ್ಲವ್ವ ಆ ಸಾಲು ಮತ್ತೆ ಓದದಿರಲಿ. ಕೋಡು ಹಚ್ಚುವುದಿಲ್ಲ, ಒಪ್ಪದಿದ್ದರೆ ಸಾಹೇಬರು ಬೇರೆ ಕಥೆ ಹುಡುಕಿಕೊಳ್ಳಲಿ. ಈಗ ಬೇಕಾದದ್ದು ಇದು: ನಮ್ಮ ಪಡಸಾಲೆಯ ನೆಲದ ಕುಣಿಯಲ್ಲಿ ನಿಮ್ಮ ಮಗ್ಗ ಸುಮ್ಮನೆ ನಿಂತಿದೆ. ಅದರ ಮೇಲೆ ಕಳಕಪ್ಪ ಕೂಡಲಿ. ನೂಲಿಗೆ ನೇಕಾರರ ಸಂಘಕ್ಕೆ ನಾನೇ ಹೋಗಿ ಕೇಳುತ್ತೇನೆ. ನೀವಿಲ್ಲದಾಗ ನಿಮ್ಮ ಮಗ್ಗವನ್ನು ಯಾರೂ ಮುಟ್ಟಕೂಡದು ಎಂದು ಹೇಳಿ ಹೋಗಿದ್ದೀರಿ, ಗೊತ್ತಿದೆ. ‘ಹೂಂ’ ಎಂದು ಒಂದೇ ಶಬ್ದದ ತಂತಿ ಹೊಡೆಸಿ. ಅದು ಬರುವ ಮೊದಲೇ ಅವ್ವ ಮಗ್ಗದ ಧೂಳು ಒರೆಸಲು ಶುರುಮಾಡಿದ್ದಾಳೆ.