ಅಮ್ಮನ ಕಿವಿ ಮತ್ತು ತಪ್ಪಿಹೋದ ಹಡಗು

ಬಂದರಿನ ಎದುರಿನ ಲಾಡ್ಜು
ಸೋಮವಾರ ಮಧ್ಯಾಹ್ನ

ನನ್ನ ಮುದ್ದು ಅಕ್ಕಾ,

ಅವರು ಒಪ್ಪಿಕೊಂಡರು, ಅಮ್ಮ ನಮ್ಮ ಮನೆಗೇ ಬಂದು ಇರಲಿ ಅಂದರು, ಇನ್ನು ನೀನು ಆ ಸೇತುವೆ ಕೆಲಸಕ್ಕೆ ಕಣ್ಣುಮುಚ್ಚಿ ಹೂಂ ಅನ್ನಬಹುದು, ಇಷ್ಟಕ್ಕೆಲ್ಲ ಕಾರಣ ನಮ್ಮ ಹನಿಮೂನಿನ ಹಡಗು ತಪ್ಪಿದ್ದು!

ಓದಿದೆಯಾ? ಇನ್ನೊಂದು ಸಲ ಓದು. ಫೋನಿನಲ್ಲೇ ಹೇಳಬೇಕೆಂದು ಹತ್ತು ಸಲ ಕೈಗೆತ್ತಿಕೊಂಡೆ. ಆದರೆ ನಿನ್ನ ಪಕ್ಕದಲ್ಲಿ ಯಾವಾಗಲೂ ಅಮ್ಮ ಇರುತ್ತಾಳೆ. ಅವಳೆದುರು ಅವಳನ್ನು ಎಲ್ಲಿಡುವುದು ಎಂದು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದ. ಬುಧವಾರ ನಿನ್ನ ಕೈಸೇರುತ್ತದೆ ಎಂದು ಕೊರಿಯರ್‌ನವನು ಭರವಸೆ ಕೊಟ್ಟಿದ್ದಾನೆ. ನಿನ್ನ ಕಂಪನಿಗೆ ಉತ್ತರ ಕೊಡಲು ಶುಕ್ರವಾರ ಕಡೆಯ ದಿನ ತಾನೇ? ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ, ಒತ್ತಕ್ಷರ ಅಲ್ಲಿ ಇಲ್ಲಿ ಜಾರಿದ್ದರೆ ಕೆಂಪು ಪೆನ್ನು ಹಿಡಿಯಬೇಡ.

ಮೊದಲಿನಿಂದ ಹೇಳುತ್ತೇನೆ. ಶನಿವಾರ ನಮ್ಮ ಬಸ್ಸು ಬಂದರಿನ ಹತ್ತಿರದ ಮೇಲ್ಸೇತುವೆಯವರೆಗೆ ಚೆನ್ನಾಗಿಯೇ ಬಂತು. ಅಲ್ಲಿ ಗಾಳಿ ಬಸ್ಸನ್ನು ತೊಟ್ಟಿಲು ತೂಗಿದ ಹಾಗೆ ತೂಗತೊಡಗಿತು. ಪೊಲೀಸರು ಎಲ್ಲ ಗಾಡಿಗಳನ್ನೂ ನಿಲ್ಲಿಸಿದರು. ಡ್ರೈವರ್ ಸೀಟು ಹಿಂದಕ್ಕೆ ಬಾಗಿಸಿ, ಇನ್ನು ನನ್ನನ್ನು ಯಾರೂ ಎಬ್ಬಿಸಬೇಡಿ ಎಂದು ಟೋಪಿ ಮುಖಕ್ಕೆ ಎಳೆದುಕೊಂಡ. ನಾವು ಬಂದರು ಮುಟ್ಟುವಷ್ಟರಲ್ಲಿ ಹಡಗು ಇರಲಿಲ್ಲ. ಬಿರುಗಾಳಿ ಒಳಗೆ ನುಗ್ಗುವ ಮೊದಲೇ ಹೊರಡಬೇಕೆಂದು ಕ್ಯಾಪ್ಟನ್ ಹೇಳಿದ್ದ ಹೊತ್ತಿಗಿಂತ ಮುಂಚೆಯೇ ಲಂಗರು ಎತ್ತಿಸಿದರಂತೆ. ಅಷ್ಟು ದೊಡ್ಡ ಹಡಗು ನಿಂತಿದ್ದ ಜಾಗದಲ್ಲಿ ಒಂದು ಕಿತ್ತಳೆ ಬಣ್ಣದ ಹಗ್ಗ ಬಿದ್ದಿತ್ತು, ಅಷ್ಟೆ.

ಹಡಗಿನ ಕಂಪನಿಯವರು ಸೂಟ್‌ಕೇಸುಗಳನ್ನು ಹಿಂದಿನ ದಿನವೇ ಮನೆಯಿಂದ ಒಯ್ದಿದ್ದರಲ್ಲ, ಹಾಗಾಗಿ ನನ್ನ ಹೊಸ ಬಟ್ಟೆಗಳೆಲ್ಲ ನಮ್ಮನ್ನು ಬಿಟ್ಟು ಹನಿಮೂನಿಗೆ ಹೋದವು. ನಮ್ಮ ಕೈಯಲ್ಲಿ ಉಳಿದದ್ದು ನನ್ನ ಪೌಡರ್ ಡಬ್ಬಿ, ಪಾಸ್‌ಪೋರ್ಟು ಮತ್ತು ನನ್ನ ಗಂಡನ ಟೂಲ್ ಬ್ಯಾಗು. ಲಿಫ್ಟ್ ರಿಪೇರಿ ಮಾಡುವವರು ಹನಿಮೂನಿಗೂ ಸ್ಪ್ಯಾನರ್ ಹೊತ್ತು ಹೋಗುತ್ತಾರೆಂದು ನನಗೇನು ಗೊತ್ತು? ನಗೋಣವೆಂದು ನೋಡಿದರೆ ಅವರು ಆ ಹಗ್ಗವನ್ನೇ ನೋಡುತ್ತಿದ್ದರು. ಚಿಕ್ಕಂದಿನಿಂದಲೂ ಒಮ್ಮೆ ಹಡಗು ಹತ್ತಬೇಕೆಂಬ ಆಸೆಯಂತೆ. ನನಗೆ ಅದು ಆಗಲೇ ತಿಳಿದದ್ದು.

ಮೊದಲ ದಿನ ನಮ್ಮನ್ನೆಲ್ಲ ಬಂದರಿನ ದೊಡ್ಡ ಹಾಲಿನಲ್ಲಿ ಕೂರಿಸಿದರು. ಪ್ಲಾಸ್ಟಿಕ್ ಕುರ್ಚಿಗಳು, ಒದ್ದೆ ಚಪ್ಪಲಿಗಳ ವಾಸನೆ, ನೀರು ಮಾತ್ರ ಬರುವ ಕಾಫಿ ಯಂತ್ರ. ಹೊರಗೆ ರಸ್ತೆ ಬಂದ್, ರೈಲೂ ಬಂದ್. ಹಡಗು ಮುಂದಿನ ಬಂದರಿನಲ್ಲಿ ಎರಡು ದಿನ ನಿಂತಿರುತ್ತದೆ, ರಸ್ತೆ ತೆರೆದ ಕೂಡಲೇ ಇಷ್ಟವಿದ್ದವರನ್ನು ಬಸ್ಸಿನಲ್ಲಿ ಕಳಿಸುತ್ತೇವೆ ಎಂದು ಕೌಂಟರಿನ ಹುಡುಗಿ ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಳು. ನಾನು ಅವಳಿಗಿಂತ ಹೆಚ್ಚು ಮಾತಾಡಿದೆ ಬಿಡು. ಪಕ್ಕದವರ ಮದುವೆ ಕಥೆ ಕೇಳಿದೆ, ನಮ್ಮದನ್ನು ಹೇಳಿದೆ, ಎಲ್ಲರಿಗೂ ನನ್ನ ಗಂಡನನ್ನು ತೋರಿಸಿದೆ. ಸಂಜೆಯ ಹೊತ್ತಿಗೆ ಕೆನ್ನೆ ನೋಯುವಷ್ಟು ನಕ್ಕಿದ್ದೆ, ಆಮೇಲೆ ನಗಲು ಆಗಲೇ ಇಲ್ಲ.

ಅಕ್ಕಾ, ಈಗ ಕಿವಿಯ ವಿಷಯ. ಅವರು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೆನಪಿದೆಯಲ್ಲ? ಅಮ್ಮ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು, ನೀನು ತಟ್ಟೆ ಇಡುತ್ತಾ, ಅಮ್ಮನಿಗೆ ಕಿವಿ ಸ್ವಲ್ಪ ಮಂದ ಎಂದುಬಿಟ್ಟೆ. ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಅಮ್ಮನಿಗೆ ಮರೆವು, ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ ಎನ್ನುವುದಕ್ಕಿಂತ ಅದು ಸಲೀಸಾಗಿತ್ತು. ಅಂದಿನಿಂದ ಆ ಮನುಷ್ಯ ಅಮ್ಮನ ಹತ್ತಿರ ಕೂಗಿ ಮಾತಾಡಿದ್ದೇ ಮಾತಾಡಿದ್ದು. ಮದುವೆಯ ದಿನ "ಆಶೀರ್ವಾದ ಮಾಡಿ ಅತ್ತೆ" ಎಂದು ಅವರು ಕೂಗಿದ್ದಕ್ಕೆ ಹೊರಗಿನ ಕಾರಿನ ಡ್ರೈವರ್ ಒಳಗೆ ಇಣುಕಿದ್ದ. ಹುಡುಗ ಒಳ್ಳೆಯವನೇ, ಆದರೆ ಯಾಕೆ ಯಾವಾಗಲೂ ಜಗಳಕ್ಕೆ ನಿಂತವನ ಹಾಗೆ ಮಾತಾಡುತ್ತಾನೆ ಎಂದು ಅಮ್ಮ ನನ್ನ ಕಿವಿಯಲ್ಲಿ ಕೇಳಿದ್ದಳು. ನಾವಿಬ್ಬರೂ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆವು.

ನಿನ್ನೆ ಮಧ್ಯಾಹ್ನ ನೀನು ಬಹುಶಃ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದೆ. ಅಮ್ಮ ನಿನ್ನ ಫೋನಿನಿಂದ ನನ್ನ ನಂಬರ್ ಒತ್ತಿದಳು. ನಾನು ಊಟದ ಸಾಲಿನಲ್ಲಿದ್ದೆ, ಫೋನು ಅವರ ಹತ್ತಿರವಿತ್ತು. ಪಕ್ಕದ ಕುರ್ಚಿಯಲ್ಲಿ ಒಬ್ಬ ತಾಯಿ ಬೆಳಗಿನಿಂದ ಅಳುತ್ತಿದ್ದ ಮಗುವನ್ನು ಆಗತಾನೇ ಮಲಗಿಸಿದ್ದಳು. ಇವರು ಎಂದಿನಂತೆ ಕೂಗಲು ಬಾಯಿ ತೆರೆದರೆ, ಅವಳು ನುಂಗುವ ಹಾಗೆ ನೋಡಿದಳಂತೆ. ಇವರು ಕೈಯಡ್ಡ ಹಿಡಿದು ಪಿಸುಗುಟ್ಟಿದರು, ಅತ್ತೆ, ಇಲ್ಲಿ ಬಿರುಗಾಳಿ, ಹಡಗು ತಪ್ಪಿತು ಎಂದು. ಅಮ್ಮನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು. ಅಯ್ಯೋ ಪಾಪ, ನೆನೆದುಬಿಟ್ಟೆಯಾ, ತಲೆ ಒರೆಸಿಕೋ ಎಂದಳಂತೆ. ಆಮೇಲೆ ಕೇಳಿದಳಂತೆ, "ನೀನು ಯಾರಪ್ಪಾ? ನನ್ನ ಚಿಕ್ಕ ಮಗಳನ್ನ ಎಲ್ಲಿಗೆ ಕರ್ಕೊಂಡು ಹೋದೆ? ನಾಳೆ ಅವಳಿಗೆ ಪರೀಕ್ಷೆ ಇದೆ."

ನಾನು ತಟ್ಟೆ ಹಿಡಿದು ಬಂದಾಗ ಅವರು ಅಮ್ಮನ ಹತ್ತಿರ ಇನ್ನೂ ಮಾತಾಡುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜೊತೆ ಅವರು ಹೀಗೇ ಮಾತಾಡುತ್ತಾರೆ. ಊಟ ಆಯಿತಾ, ಕೂತಿದ್ದೀರಾ ನಿಂತಿದ್ದೀರಾ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳುತ್ತಾ ಬಾಗಿಲು ತೆರೆಯುವವರೆಗೆ ಮಾತು ನಿಲ್ಲಿಸುವುದಿಲ್ಲ. ದೊಡ್ಡವಳು ಬಂದಳು ಎಂದು ಹೇಳಿ ಅಮ್ಮ ಫೋನ್ ಇಟ್ಟಳು. ಅವರು ಫೋನನ್ನು ನನ್ನ ಕೈಗೆ ಕೊಟ್ಟು, "ಅತ್ತೆಗೆ ಕಿವಿ ಚೆನ್ನಾಗೇ ಕೇಳುತ್ತೆ" ಅಂದರು.

ಕೆಲವು ದಿನ ಕೇಳುತ್ತದೆ ಎಂದೆ. ಆ ಹೊತ್ತಿಗೆ ನನಗೆ ಇನ್ನೊಂದು ಸುಳ್ಳು ಹೊಲಿಯುವಷ್ಟು ಶಕ್ತಿ ಉಳಿದಿರಲಿಲ್ಲ ಅಕ್ಕಾ. ಕಾಲು ನೆನೆದಿತ್ತು, ತಟ್ಟೆಯ ಅನ್ನ ಆರಿತ್ತು. ಎಲ್ಲ ಹೇಳಿದೆ. ಒಲೆ ಹಚ್ಚಿಟ್ಟು ಮರೆತದ್ದು, ದಾರಿ ತಪ್ಪಿ ಹಳೇ ಶಾಲೆಯ ಗೇಟಿನ ಮುಂದೆ ನಿಂತಿದ್ದು, ನೀನು ಅವಳಿಗಾಗಿ ಎರಡು ಸಲ ಒಳ್ಳೆಯ ಕೆಲಸ ಬಿಟ್ಟದ್ದು, ಮದುವೆಯಲ್ಲಿ ನೀನು ಅವಳ ಬೆನ್ನಿಗೇ ನಿಂತು ಬಂದವರ ಹೆಸರು ಉಸುರುತ್ತಿದ್ದದ್ದು. ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಿದ್ದರೆ ನೀವು ಮದುವೆಗೆ ಒಪ್ಪುತ್ತಿರಲಿಲ್ಲವೇನೋ ಎಂದೆ.

"ಒಪ್ಪೋದು ಬಿಡೋದು ನನಗೆ ಬಿಡಬೇಕಿತ್ತು," ಅಂದರು. "ಒಳಗಿರೋರು ಎಲ್ಲರೂ ಹುಷಾರಾಗಿದ್ದೀವಿ ಅಂತ ಸುಳ್ಳು ಹೇಳಿದರೆ, ಹೊರಗಿರೋನು ಏನು ಮಾಡೋಕಾಗುತ್ತೆ?"

ಆಮೇಲೆ ಎದ್ದು ಆ ಹಗ್ಗದ ಹತ್ತಿರ ಹೋಗಿ ಮಳೆಯಲ್ಲೇ ನಿಂತರು. ನಾನು ಗಾಜಿನ ಈಚೆ ಕೂತಿದ್ದೆ. ತಿರುಗಿ ಬಂದವರು ಕರ್ಚೀಫಿನಿಂದ ಕನ್ನಡಕ ಒರೆಸುತ್ತಾ, ಮೆಟ್ಟಿಲ ಪಕ್ಕದ ಕೋಣೆ ಅತ್ತೆಗೆ ಸರಿಹೋಗುತ್ತದೆ ಎಂದರು. ಬೆಳಿಗ್ಗೆ ನಾನು ಪಾಠ ಮಾಡಲು ಸ್ಕೂಲಿಗೆ ಹೋದಾಗ ಅವರು ಮನೆಯಲ್ಲಿರುವ ಹಾಗೆ ಮಧ್ಯಾಹ್ನದ ಪಾಳಿ ಕೇಳಿಕೊಳ್ಳುತ್ತಾರಂತೆ. ನಡುವಿನ ಹೊತ್ತಿಗೆ ಒಬ್ಬ ಹೆಂಗಸನ್ನು ನೋಡಬೇಕು. ಮುಂಬಾಗಿಲು ತೆರೆದರೆ ಗಂಟೆ ಬಾರಿಸುವ ಹಾಗೆ ವೈರ್ ಎಳೆಯುತ್ತಾರಂತೆ, ಗ್ಯಾಸಿಗೆ ಅಮ್ಮನ ಕೈಗೆಟುಕದ ಎತ್ತರದಲ್ಲಿ ಒಂದು ಸ್ವಿಚ್ಚು. ಹೊಸ ಜಾಗದಲ್ಲಿ ಗುರುತಿನದೊಂದು ಇರಲಿ ಎಂದು ಅಮ್ಮನ ಹಳೇ ಮಂಚವನ್ನೇ ತರಬೇಕಂತೆ. ಇದನ್ನೆಲ್ಲ ಅಮ್ಮನ ಮಕ್ಕಳಾದ ನಾವು ಯೋಚಿಸಿರಲಿಲ್ಲ ನೋಡು.

ಇದು ಬಾಯಿಮಾತಲ್ಲ. ರಾತ್ರಿಯ ಊಟಕ್ಕೆ ಮೊದಲೇ ಆಫೀಸಿನ ಮೇಲಿನವರಿಗೆ ಫೋನ್ ಮಾಡಿ ಪಾಳಿಯ ಮಾತು ಮುಗಿಸಿದರು. ಆದ್ದರಿಂದ ನೀನು ಹಿಂದೆಮುಂದೆ ನೋಡಬೇಡ. ನಿನ್ನ ಮೇಜಿನ ಮೇಲೆ ಸುರುಳಿ ಸುತ್ತಿಟ್ಟ ನಕ್ಷೆಗಳನ್ನು ಬಿಚ್ಚು. ನಿಜವಾದ ನದಿಯ ಮೇಲೆ ನಿಜವಾದ ಸೇತುವೆ ಕಟ್ಟು, ಅಮ್ಮನನ್ನು ಕರೆತಂದು ತೋರಿಸುತ್ತೇನೆ.

ನಿನ್ನೆ ರಾತ್ರಿ ನಮ್ಮನ್ನು ಹಾಲಿನಿಂದ ಈ ಲಾಡ್ಜಿಗೆ ಕಳಿಸಿದರು. ಈಗ ಇಲ್ಲಿ ಗಾಳಿ ಇಳಿದಿದೆ. ಲಾಡ್ಜಿನ ಕಿಟಕಿಯಿಂದ ಸಮುದ್ರ ಕಾಣುತ್ತದೆಂದು ಬೋರ್ಡಿನಲ್ಲಿ ಬರೆದಿದ್ದಾರೆ, ನನಗೆ ಕಾಣುವುದು ಪಕ್ಕದ ಗೋದಾಮಿನ ಗೋಡೆ. ಅವರು ಹೊರಗೆ ಹೋಗಿದ್ದಾರೆ. ನಾನು ಇದ್ದ ಒಂದು ಸೀರೆಯನ್ನು ಒಗೆದು ಫ್ಯಾನಿನ ಕೆಳಗೆ ಹಾಕಿ, ಲಾಡ್ಜಿನ ಬೆಡ್‌ಶೀಟ್ ಸುತ್ತಿಕೊಂಡು ಬರೆಯುತ್ತಿದ್ದೇನೆ. ತುಂಬಾ ನಿದ್ದೆ ಬರುತ್ತಿದೆ, ಮಲಗಿದರೆ ಬರುವುದಿಲ್ಲ. ಅಷ್ಟೇ, ಬೇರೇನೂ ಇಲ್ಲ.

ಬುಧವಾರ ಸಂಜೆ ಹಳಿ ತೆರೆಯುತ್ತಾರಂತೆ. ಮೊದಲ ಗಾಡಿಗೇ ಟಿಕೆಟ್ ಸಿಕ್ಕಿದೆ. ಗುರುವಾರ ಬೆಳಗಿನ ಕರಾವಳಿ ಪ್ಯಾಸೆಂಜರಿಗೆ ಬರುತ್ತೇನೆ, ಅಮ್ಮನನ್ನೂ ಸ್ಟೇಷನ್ನಿಗೆ ಕರೆದುಕೊಂಡು ಬಾ.

ನಿನ್ನ ಬಾಯಿ ಮುಚ್ಚದ,
ರೇಡಿಯೋ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಸ್ಟೇಷನ್ನಿನಲ್ಲಿ ಇಬ್ಬರನ್ನು ಹುಡುಕಬೇಡ, ನಾನೊಬ್ಬಳೇ ಇಳಿಯುತ್ತೇನೆ. ಅವರು ಇವತ್ತು ಬೆಳಿಗ್ಗೆ ಕಂಪನಿಯ ಬಸ್ಸಿನಲ್ಲಿ ಹಡಗು ಹಿಡಿಯಲು ಹೋದರು. ನನ್ನನ್ನು ಬಾ ಅನ್ನಲಿಲ್ಲ. "ಅತ್ತೆ ವಿಷಯದಲ್ಲಿ ಕೊಟ್ಟ ಮಾತು ಕೊಟ್ಟಿದ್ದೇ. ನಿನ್ನ ವಿಷಯ ಯೋಚಿಸೋಕೆ ನನಗೆ ಸ್ವಲ್ಪ ದಿನ ಬೇಕು" ಅಂದರು. ಇದನ್ನು ಓದಿ ನೀನು ಆ ಕೆಲಸ ಬೇಡ ಎಂದರೆ, ನಾನು ಪ್ಲಾಟ್‌ಫಾರ್ಮಿನಿಂದಲೇ ವಾಪಸ್ ಹೋಗುತ್ತೇನೆ, ತಮಾಷೆಯಲ್ಲ. ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುತ್ತೇನೆ ಎಂದು ಹೇಳಿ ಹೋಗಿದ್ದಾರೆ. ನೀನು ಅಲ್ಲೇ ಕೂತು ಕೇಳಿಸಿಕೋ. ನಡುವೆ ಒಂದು ಸಲವಾದರೂ ನನ್ನನ್ನು ವಿಚಾರಿಸಿದರೆ, ನಾನು ಗಾಡಿ ಇಳಿದ ಕೂಡಲೇ ಅದನ್ನು ಹೇಳು. ವಿಚಾರಿಸದಿದ್ದರೆ ನಿನ್ನ ಸೇತುವೆಯ ಸುದ್ದಿ ಹೇಳು.