ಬಾಗಿಲೆದುರಿನ ಕೇರಂ ಬೋರ್ಡ್

ರಂಜನ್,

ಇದನ್ನು ನಿನಗೆ ಕಳಿಸುವುದಿಲ್ಲ. ವಿಚ್ಛೇದನದ ನಂತರ ನಿನ್ನ ಪುಣೆಯ ವಿಳಾಸವನ್ನೂ ನಾನು ಕೇಳಿಲ್ಲ. ಆದರೂ ಇವತ್ತಿನದನ್ನು ಬೇರೆ ಯಾರಿಗೆ ಹೇಳಲಿ?

ಬೆಳಿಗ್ಗೆ ನಿನ್ನ ಅಮ್ಮ ಫೋನ್ ಮಾಡಿದ್ದರು. ನನಗೆ ಅವರು ಈಗಲೂ ಅತ್ತೆಯೇ. ಡೊಂಬಿವಲಿಯಲ್ಲಿ ಪಕ್ಕದ ಮನೆಗೆ ಬಂದ ಹೊಸ ಬಾಡಿಗೆಯವರು ಪ್ಯಾಸೇಜಿನಲ್ಲಿ, ಅತ್ತೆಯ ಬಾಗಿಲೆದುರೇ ಕೇರಂ ಬೋರ್ಡ್ ಇಟ್ಟು ದಿನವಿಡೀ ಬೊಬ್ಬೆ ಹೊಡೆಯುತ್ತಾರಂತೆ. ಕೇಳಿದರೆ ಬಾಗಿಲಿಗೆ ಒದೆಯುತ್ತಾರಂತೆ. ಹೆದರಿ ಅತ್ತೆ ಹೊಸ್ತಿಲಿನಾಚೆ ರಂಗೋಲಿ ಹಾಕುವುದನ್ನೇ ಬಿಟ್ಟಿದ್ದಾರೆ. "ರಂಜನನಿಗೆ ಹೇಳ್ಬೇಡ, ಅವನಿಗೆ ಸುಮ್ನೆ ತಲೆಬಿಸಿ" ಎಂದರು.

ಥಾಣೆಯ ನನ್ನ ಮನೆಯಿಂದ ಲೋಕಲ್ ರೈಲು ಹಿಡಿದು ಹೋದೆ. ಬೋರ್ಡ್ ತೆಗೆಯಿರಿ ಎಂದೆ. ದಪ್ಪ ಮೀಸೆಯವನೊಬ್ಬ ಸ್ಟ್ರೈಕರ್ ಕೆಳಗಿಡದೆ, "ಆಪ್ ಕೌನ್?" ಎಂದ.

ಪೊಲೀಸ್, ಹೌಸಿಂಗ್ ಸೊಸೈಟಿಗೆ ದೂರು ಎಂದೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ನೀವು ಯಾರು ಎಂದು ಕೇಳಿಯಾರೆಂದು ಎಣಿಸಿರಲಿಲ್ಲ.

ಹಿಂದೆ ಬಾಗಿಲಿನ ಸರಪಳಿ ಸರಿಯಿತು. ಅತ್ತೆ ರಂಗೋಲಿ ಡಬ್ಬಿ ಹಿಡಿದು ಹೊರಗೆ ಬಂದರು. "ಮೇರಿ ಬಹೂ ಹೈ. ಇಸೀ ಘರ್ ಕೀ." ತನ್ನ ಸೊಸೆ, ಇದೇ ಮನೆಯವಳು ಎಂದರು. ಆಮೇಲೆ ಅವರೆಲ್ಲರ ಕಾಲಬುಡದಲ್ಲಿ ಕೂತು, ಮಟಮಟ ಮಧ್ಯಾಹ್ನ ರಂಗೋಲಿ ಎಳೆಯತೊಡಗಿದರು. ನಾನೂ ಪಕ್ಕದಲ್ಲಿ ಕೂತೆ. ಅದನ್ನು ತುಳಿಯಲು ಯಾರಿಗೂ ಮನಸ್ಸಾಗಲಿಲ್ಲ. ಗೊಣಗುತ್ತ ಬೋರ್ಡನ್ನು ಮೆಟ್ಟಿಲ ಕಡೆಗೆ ಎಳೆದುಕೊಂಡರು.

ಹೊರಡುವಾಗ ಅತ್ತೆ ಮೊದಲಿನಂತೆಯೇ ಕುಂಕುಮ ಕೊಟ್ಟರು. "ಮುಂದಿನ ಆದಿತ್ಯವಾರವೂ ಬಾ, ಆಯ್ತಾ? ಅವ್ರು ಪುನಃ ಬೋರ್ಡ್ ಇಟ್ರೆ ನಾನೊಬ್ಳೇ ಏನು ಮಾಡ್ಲಿ?"

ವಾಪಸ್ ಬರುವಾಗ ಲೋಕಲ್‌ನಲ್ಲಿ ಕೂತು, ಪಕ್ಕದವರು ಪುನಃ ಬೋರ್ಡ್ ಇಡಲಿ ಎಂದು ಬೇಡಿಕೊಂಡೆ.