ಎಂಬತ್ತೆಂಟನೇ ಪುಟದ ಅಡುಗೆಮನೆ

ಏಪ್ರಿಲ್ 11

ರಿಸಲ್ಟ್ ಹಚ್ಚಿದ್ದಾಯಿತು. ಪಾಲಕರ ಜೊತೆ ವಾದವೂ ಮುಗಿಯಿತು. ನಲವತ್ತೆರಡು ಡಿಗ್ರಿ. ಸ್ಟಾಫ್ ರೂಮಿನ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸಿ ಕೊಡುತ್ತಿತ್ತು. ನಾಳೆಯಿಂದ ರಜೆ.

ಒಂಬತ್ತನೇ ಕ್ಲಾಸಿಗೆ ಕರಾವಳಿ ಪಾಠ ಈ ವರ್ಷವೂ ಚೆನ್ನಾಗಿ ಮಾಡಿದೆ. ಬೋರ್ಡ್ ಮೇಲೆ ಕಾರವಾರದಿಂದ ಮಂಗಳೂರಿನವರೆಗೆ ಒಂದೇ ಗೆರೆ — ಚಾಕ್ ಎತ್ತುವುದಿಲ್ಲ. ಹನ್ನೊಂದು ವರ್ಷದ ಕೈ. ಸಮುದ್ರ ಮಾತ್ರ ನೋಡಿಲ್ಲ. ಸುರಪುರದಲ್ಲಿ ಕೂತು ಅಲೆ ಎಂದರೇನು ಎಂದು ಹೇಳಿಕೊಡುವವಳು ನಾನು.

ಇದನ್ನೇ ಗಣಿತದ ಮದೀನಾಬೀ ಟೀಚರ್ ಮುಂದೆ ಹೇಳಿ ನಕ್ಕಿದ್ದೆ. ಸಂಜೆ ಮನೆಗೇ ಬಂದಳು, ಕೈಯಲ್ಲೊಂದು ಪುಸ್ತಕ. ಕರಾವಳಿ ಪ್ರವಾಸದ ಗೈಡ್. ಬಣ್ಣದ ಚಿತ್ರ, ನಕ್ಷೆ, ಇಳಿದುಕೊಳ್ಳುವ ಜಾಗಗಳಿಗೆ ನಕ್ಷತ್ರ.

"ಮೂರ ವರ್ಷ ಆತು ತೊಗೊಂಡು. ನೀವರೆ ಹೋಗಿ ಬರ್ರಿ."

"ನೀವ್ಯಾಕ ಹೋಗ್ಲಿಲ್ರಿ?"

"ನಾ ಫೋನ್ ಮಾಡಿ ಹೆಸರ ಹೇಳ್ದಾಗೆಲ್ಲಾ ಹೌಸ್‌ಫುಲ್ ಇರ್ತದ ನೋಡ್ರಿ. ಭಾಳ ಜೋರ್ ನಡದದ ಅವರ ಧಂದಾ."

ನಕ್ಕಳು. ನಾನೂ ನಕ್ಕೆ. ಆಮೇಲೆ ನಗು ಸರಿಯಾಗಿ ಬರಲಿಲ್ಲ. ಹಾಳೆ ಮಡಚಬಾರದು ಎಂದು ಆಣೆ ಮಾಡಿಸಿಕೊಂಡು ಹೋದಳು.

ಏಪ್ರಿಲ್ 15

ನಿನ್ನೆ ಬಾಬಾಸಾಹೇಬರ ಜಯಂತಿ. ಮೆರವಣಿಗೆಯಲ್ಲಿ ಕೂಗಿ ಕೂಗಿ ಇವರ ಗಂಟಲು ಕಟ್ಟಿದೆ. ವಿಷಯ ಎತ್ತಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ತಾಲೂಕು ಆಫೀಸಿನ ಗುಮಾಸ್ತರು, ಮಾತಿನಲ್ಲಿ ಯಾವಾಗಲೂ ನನ್ನನ್ನು ಸೋಲಿಸುವವರು. ಇವತ್ತು ಬರೀ ಕೈಸನ್ನೆ.

ಹೇಳಿಬಿಟ್ಟೆ. ಮೇ ತಿಂಗಳಲ್ಲಿ ಸಮುದ್ರಕ್ಕೆ. ನಾನು, ಇವರು, ಅತ್ತೆ. ಮಗಳಿಗೆ ಕಲಬುರಗಿಯಲ್ಲಿ ಕೋಚಿಂಗ್, ರಜೆ ಇಲ್ಲ. ಒಂದೇ ಷರತ್ತು: ಯಾವ ನೆಂಟರ ಮನೆಗೂ ಹೋಗುವಂತಿಲ್ಲ.

ಮದುವೆಯಾಗಿ ಹತ್ತೊಂಬತ್ತು ವರ್ಷ. ಎಲ್ಲಿಗೆ ಹೊರಟರೂ ಕೊನೆಗೊಂದು ನೆಂಟರ ಮನೆ. ಸೊಲ್ಲಾಪುರ ನೋಡಲು ಹೋಗಿ ಇವರ ಚಿಕ್ಕಮ್ಮನ ಅಡುಗೆಮನೆ ನೋಡಿ ಬಂದೆ. ಹೈದರಾಬಾದಿನಲ್ಲಿ ಚಾರ್‌ಮಿನಾರ್ ಬಿಟ್ಟು ಯಾರದೋ ಬಾಣಂತನ ಮಾಡಿದೆ. ನಾಗಪುರದ ದೀಕ್ಷಾಭೂಮಿಗೆ ಹೋದಾಗಲೂ ರೊಟ್ಟಿ ಬಡಿದೆ. ಒಂದೇ ಒಂದು ಸಲ ದುಡ್ಡು ಕೊಟ್ಟು ಇಳಿದುಕೊಂಡು, ಬೇರೆಯವರು ಬಡಿಸಿದ್ದನ್ನು ಕೂತು ಉಣ್ಣಬೇಕು. ಅಷ್ಟೇ ಆಸೆ.

ಇವರು ಹಾಳೆಯ ಮೇಲೆ ಬರೆದು ತೋರಿಸಿದರು: "ಕಾರವಾರದಾಗ ಖಂಡಪ್ಪ ಅದಾನ."

ಇವರ ಸೋದರಮಾವನ ಮಗ. ಅಲ್ಲಿ ಕಟ್ಟಡ ಕೆಲಸದ ಮೇಸ್ತ್ರಿ. ಹಾಳೆ ಹರಿದೆ.

ಏಪ್ರಿಲ್ 17

ಪುಸ್ತಕ ಓದುತ್ತಿದ್ದೇನೆ. 'ತಲುಪುವುದು ಹೇಗೆ' — ಬೆಂಗಳೂರಿನಿಂದ, ಮುಂಬೈಯಿಂದ, ಮಂಗಳೂರಿನಿಂದ, ಗೋವಾ ವಿಮಾನ ನಿಲ್ದಾಣದಿಂದ. ಯಾದಗಿರಿ ಕಡೆಯಿಂದ ಯಾರೂ ಹೊರಡುವುದಿಲ್ಲ ಎಂದು ಬರೆದವರಿಗೆ ಖಾತ್ರಿಯಿದೆ.

ಇವರ ಗಂಟಲು ಸರಿಹೋಗಿದೆ, ನನ್ನ ದುರ್ದೈವ. "ಮೊದಲ ಬೆಂಗಳೂರಿಗೆ ಹೋಗೋಣು. ಅಲ್ಲಿಂದ ಪುಸ್ತಕ ಶುರು ಆಗ್ತದಲ್ಲ!"

ಅತ್ತೆಗೆ ಹವಾಮಾನದ ಪುಟ ಓದಿ ಹೇಳಿದೆ. 'ಮೇ ತಿಂಗಳಲ್ಲಿ ತಡೆಯಲಾರದ ಸೆಕೆ. ಮೂವತ್ತನಾಲ್ಕು ಡಿಗ್ರಿ ಮುಟ್ಟುತ್ತದೆ. ಪ್ರವಾಸಕ್ಕೆ ಸೂಕ್ತವಲ್ಲ.' ಹೊರಗೆ ನಮ್ಮೂರ ಬಂಡೆಗಳು ನಲವತ್ತಮೂರರಲ್ಲಿ ಕಾಯುತ್ತಿದ್ದವು.

"ಮೂವತ್ನಾಕ? ಹಂಗಾರ ಥಂಡಿ ಇರ್ತದ. ನನ್ನ ಶಾಲು ಇಟ್ಕೊ."

ಅತ್ತೆ ಲಾಲಮ್ಮ ಅಲ್ಲಿಗೆ ಒಪ್ಪಿದಂತೆ. ಜೀವಮಾನವೆಲ್ಲ ಬಿಸಿಲಲ್ಲಿ ಕಳೆ ಕಿತ್ತವಳು. ಬರುತ್ತಿರುವುದು ತಂಪಿಗೆ, ಸಮುದ್ರಕ್ಕಲ್ಲ.

ಏಪ್ರಿಲ್ 19

ಸಿಕ್ಕಿತು! ಪುಟ ಎಂಬತ್ತೆಂಟು. ಕುಮಟೆ ಹತ್ತಿರ ಒಂದು ಹಳ್ಳಿ, ಹೋಂಸ್ಟೇ, ಮೂರು ನಕ್ಷತ್ರ. 'ಮನೆಯವರಂತೆಯೇ ನೋಡಿಕೊಳ್ಳುತ್ತಾರೆ. ಅತಿಥಿಗಳು ಅಡುಗೆಮನೆಯಲ್ಲೇ ಒಲೆಯ ಪಕ್ಕ ಕೂತು ಬಿಸಿಬಿಸಿ ಉಣ್ಣುವುದು ಇಲ್ಲಿಯ ವಿಶೇಷ.'

ಮತ್ತೆ ಮತ್ತೆ ಓದಿದೆ. ಒಲೆ ಪಕ್ಕ ನಾನು ಸುಮ್ಮನೆ ಕೂರುವುದು... ಬೇಯಿಸುವವರು ಬೇರೆ ಯಾರೋ!

ಇವರೂ ಓದಿದರು. ಪುಸ್ತಕ ಕೆಳಗಿಟ್ಟರು. "ಖಂಡಪ್ಪಗ ಒಂದ ಫೋನ್ ಹಚ್ಚಲಾ?"

ಏಪ್ರಿಲ್ 27

ಎಂಟು ದಿನ ಮಾತಿಲ್ಲ. ಚಹಾ ಮಾತ್ರ ನಡೆದಿತ್ತು.

ಇವತ್ತು ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು. "ನೋಡು, ದೊಡ್ಡ ಲಾಡ್ಜಿನ್ಯಾಗ ಏನೂ ತ್ರಾಸಿಲ್ಲ. ರೊಕ್ಕ ಕೊಟ್ರ ಚಾವಿ ಕೊಡ್ತಾರ. ಇಂಥಾ ಮನೀಯೊಳಗ ಇಳಿಯೋದು ಬ್ಯಾರೆ. ಬ್ಯಾರೇದವ್ರಿಗೆ ಊರು, ಅಡ್ಡಹೆಸರು, ಎಲ್ಲಾ ಕೇಳಬೇಕಾಗ್ತದ. ನನಗ ಏನೂ ಕೇಳಂಗಿಲ್ಲ. ನನ್ನ ಹೆಸರು ಜೈಭೀಮ ಅಂದ್ರ ಮುಗೀತು, ಪೂರಾ ಅರ್ಜಿ ತುಂಬಿಕೊಟ್ಟಂಗ."

ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ. ನೆಂಟರ ಮನೆ, ನೆಂಟರ ಮನೆ ಎಂದು ಎಳೆದುಕೊಂಡು ಹೋಗಿದ್ದು ಕಂಜೂಸತನ ಎಂದುಕೊಂಡಿದ್ದೆ. ಅಲ್ಲ. ನೆಂಟರ ಬಾಗಿಲಲ್ಲಿ ನಿಂತು ನಾವು ಯಾರು ಎಂದು ಹೇಳಬೇಕಾಗಿಲ್ಲ, ಅದಕ್ಕೆ. ಸಿಟ್ಟು ಬಂತು. ಇವರ ಮೇಲಲ್ಲ.

"ನನ್ನ ಹೆಸರಲೆ ಬುಕ್ ಮಾಡ್ತೀನ್ರಿ. ಕೇಳಿದ್ರ ನಾನ ಹೇಳ್ತೀನಿ," ಎಂದೆ.

ಏಪ್ರಿಲ್ 28, ಬೆಳಿಗ್ಗೆ 11

ಫೋನ್ ಮಾಡಿದೆ. ಮನೆಯೊಡತಿಯೇ ಎತ್ತಿದಳು, ಸಕ್ಕರೆಯಂಥ ದನಿ. ಹೆಸರು ಯಶೋಧರಾ, ಊರು ಸುರಪುರ, ಮೂರು ಜನ, ಎರಡು ರಾತ್ರಿ.

"ಎಂತ ಜನ ನೀವು?"

ಬಂತು. "ಬೌದ್ಧರು."

"ಹೌದಾ! ಮುಂಡಗೋಡದವರಾ? ಕನ್ನಡ ಎಷ್ಟು ಚೊಲೋ ಮಾತಾಡ್ತೀರಿ! ನಮ್ಮ ಮಾವನ ಸ್ವೆಟರ್ ನಿಮ್ಮವರ ಅಂಗಡಿದೇ."

"ಅಲ್ಲರೀ, ನಾವು ಟಿಬೆಟಿನವರಲ್ಲ. ಇಲ್ಲಿಯವರೇ. ಬಾಬಾಸಾಹೇಬರ ಬೌದ್ಧರು."

ಆ ಕಡೆ ಸಣ್ಣ ಮೌನ. ನೆಟ್‌ವರ್ಕ್ ಇರಬಹುದು.

"ಹಾಂ... ಬನ್ನಿ, ಬನ್ನಿ. ರೂಮ್ ಅದೆ."

ಬುಕ್ ಆಯಿತು. ಸ್ವೆಟರಿನ ಸುದ್ದಿ ಕೇಳಿ ಇವರು ಹೊರಳಾಡಿ ನಕ್ಕರು. ಮೌನದ ಸುದ್ದಿ ಹೇಳಲಿಲ್ಲ.

ಮೇ 1

ಇವರಿಗೆ ಬಾಯಿ ತಡೆಯಲಿಲ್ಲ. ಖಂಡಪ್ಪನ ಫೋನ್ ಬಂತು. ಮುನಿಸು.

"ವೈನಿ, ನಂದೊಂದು ಮನಿ ಇಟ್ಕೊಂಡು ಮಂದಿಗಿ ರೊಕ್ಕ ಕೊಟ್ಟು ಮಲಗ್ತೀರೇನ್ರಿ? ಕುಮಟಾ ಸ್ಟ್ಯಾಂಡಿಗೆ ಬಂದು ಕರ್ಕೊಂಡ ಹೋಗ್ತೀನಿ. ಯಾವಾಗ ಹೇಳ್ರಿ."

ಜೂನ್ ಎಂದೆ.

ಮೇ 2

ಪುಸ್ತಕದ ಪ್ರಕಾರ ಒಯ್ಯಬೇಕಾದ್ದು: ತಂಪು ಕನ್ನಡಕ, ಅಗಲ ಟೋಪಿ, ಸನ್‌ಸ್ಕ್ರೀನ್, ಓದಲು ಒಂದು ಕಾದಂಬರಿ. ಅತ್ತೆಯ ಪ್ರಕಾರ: ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಕೆಂಪು ಖಾರ, ಶಾಲು.

"ಅಲ್ಲಿ ಬಡಸೋರು ಇರ್ತಾರ್ರಿ ಅತ್ತಿ, ಗಂಟು ಬ್ಯಾಡ."

"ಬಡಸ್ತಾರ, ಖಾರ ಹಾಕ್ತಾರೇನು?"

ಪುಸ್ತಕ ತೆರೆದು ಓದಿದೆ: 'ಕರಾವಳಿಯ ಊಟ ಬಲು ಖಾರ, ಎಚ್ಚರಿಕೆ.'

"ಮೂವತ್ನಾಕಕ್ಕ ಸೆಕಿ ಅಂದಾವ ಇವನ ಅಲ್ಲೇನು?" ಎಂದು ಅತ್ತೆ ಗಂಟನ್ನು ಇನ್ನಷ್ಟು ಬಿಗಿದಳು.

ಮೇ 4, ಸಂಜೆ — ಹೋಂಸ್ಟೇ ಜಗಲಿ

ಬಂದೆವು. ಬೆಳಗಿನ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಅಂಕೋಲಾ ಮೇಲೆ ಕುಮಟೆ. 'ಹೆದ್ದಾರಿಯಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ, ಸಮುದ್ರ ಕಾಣುತ್ತದೆ.' ಒಬ್ಬ ಹುಡುಗಿಯನ್ನು ಎಬ್ಬಿಸಿ ಎಡಗಡೆ ಹಿಡಿದೆ. ಉದ್ದಕ್ಕೂ ಗುಡ್ಡ. ಕುಮಟೆಯಲ್ಲಿ ಇಳಿದ ಮೇಲೆ ಬುದ್ಧಿ ಓಡಿತು. ಅದು ಮಂಗಳೂರಿನಿಂದ ಬರುವವರಿಗೆ. ನಾವು ಮೇಲಿನಿಂದ ಇಳಿದವರು, ಸಮುದ್ರ ಬಲಕ್ಕೆ. ಸಮಾಜ ವಿಜ್ಞಾನದ ಟೀಚರ್ ನಾನು! ಬಲಗಡೆ ಕೂತಿದ್ದ ಇವರು ನಿದ್ದೆ ಹೊಡೆಯುತ್ತಿದ್ದರು, ಪುಣ್ಯ. ನೋಡಿದ್ದರೆ ಜೀವನಪೂರ್ತಿ ಹೇಳುತ್ತಿದ್ದರು.

ಕತ್ತಲಾಗಿದೆ. ತೆಂಗಿನ ತೋಟದಾಚೆ ಸದ್ದು ಮಾತ್ರ ಕೇಳುತ್ತದೆ. ಬೆಳಿಗ್ಗೆ ಹೋಗಿ ಎಂದಳು ಮನೆಯೊಡತಿ. ದನಿ ಈಗಲೂ ಸಕ್ಕರೆ. ಅತ್ತೆಯ ಇಳಕಲ್ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು. ಚೆಂದ ಕಂಡಿತೋ, ಏನೋ.

ಊಟಕ್ಕೆ ತಯಾರಿ ನಡೆದಿದೆ. ಆಕೆ ತಟ್ಟೆ ತಂದಳು. ಮೂರು. ಜಗಲಿಯ ಮೇಲೆ ಇಟ್ಟಳು.

ಪುಟ ಎಂಬತ್ತೆಂಟರಲ್ಲಿ ಜಗಲಿ ಇಲ್ಲ. ಇವರು ನನ್ನ ಮುಖವನ್ನೇ ನೋಡುತ್ತಿದ್ದಾರೆ...

ಮೇ 5, ಬೆಳಿಗ್ಗೆ

ನಿನ್ನೆಯದು ಬರೆದು ಮುಗಿಸಬೇಕು, ಸಮುದ್ರಕ್ಕೆ ಹೋಗುವ ಮೊದಲು.

"ಊಟ ಇಲ್ಲೇ ಏನ್ರಿ?" ಎಂದು ಕೇಳಿದೆ.

"ಹೌದು. ಇಲ್ಲಿ ಗಾಳಿ ಬರ್ತದಲ್ಲ." ಗಾಳಿ ಬರುತ್ತಿರಲಿಲ್ಲ. "ಎಲ್ಲರಿಗೂ ಜಗಲಿಯಲ್ಲೇ. ಒಳಗೆ ಯಾರನ್ನೂ ಕರೆಯೂದಿಲ್ಲ."

ನಿಜವೋ, ಸುಳ್ಳೋ. ಹೋಲಿಸಿ ನೋಡೋಣವೆಂದರೆ ಬೇರೆ ಗಿರಾಕಿಗಳೂ ಇರಲಿಲ್ಲ. ಗಾಳಿಗಾಗಿ ಜಗಲಿಯೋ, ನಮಗಾಗಿ ಜಗಲಿಯೋ — ನಮಗೆ ಅದು ಎಂದೂ ಪೂರ್ತಿ ಗೊತ್ತಾಗುವುದಿಲ್ಲ. ಗೊತ್ತಾಗದೆ ಯೋಚಿಸುತ್ತ ಕೂರುವುದರಲ್ಲೇ ಅರ್ಧ ಜೀವ ಹೋಗುತ್ತದೆ. ಅತ್ತೆ ಆಗಲೇ ತಟ್ಟೆ ಮುಂದೆ ಕೂತಿದ್ದಳು, ತಲೆ ಬಗ್ಗಿಸಿ. ಆ ಬಗ್ಗಿದ ತಲೆ ನೋಡಿ ನನಗೆ ತಡೆಯಲಾಗಲಿಲ್ಲ.

ಚೀಲದಿಂದ ಪುಸ್ತಕ ತೆಗೆದು, ಪುಟ ಬಿಚ್ಚಿ ಆಕೆಯ ಮುಂದೆ ಹಿಡಿದೆ. ಪಕ್ಕದಿಂದ ಇವರು ಆಫೀಸಿನ ದನಿ ತೆಗೆದರು. ಖಂಡಪ್ಪನ ಹೆಸರು ಹೇಳುತ್ತಾರೆ ಎಂದುಕೊಂಡೆ. ಇಲ್ಲ.

"ಲಿಖಿತದಾಗ ಅದರಿ ಅಮ್ಮಾರ. ಒಲೀ ಪಕ್ಕ ಅಂತ ಸ್ಪಷ್ಟ ನಮೂದ ಆಗ್ಯಾದ."

ಆಕೆ ಕನ್ನಡಕ ತಂದು ಓದಿದಳು. ಮತ್ತೆ ಗಟ್ಟಿಯಾಗಿ ಓದಿದಳು. ಮುಖ ಅರಳಿತು. "ನಮ್ಮ ಮನೆ! ಪುಸ್ತಕದಲ್ಲಿ ಬಂದದೆ! ನಂಗೆ ಯಾರೂ ಹೇಳೇ ಇಲ್ಲ! ಬರೆದವರು ಇಲ್ಲಿ ಬಂದದ್ದೂ ಇಲ್ಲ, ಉಂಡದ್ದೂ ಇಲ್ಲ!"

ಅಂದರೆ ಗೈಡ್ ಬರೆದವನು ನೋಡದೇ ಬರೆದಿದ್ದಾನೆ. ನಾನು ಬೋರ್ಡ್ ಮೇಲೆ ಸಮುದ್ರ ಬರೆದ ಹಾಗೆ.

ಆಕೆ ಪುಸ್ತಕ ನೋಡಿದಳು, ತಟ್ಟೆ ನೋಡಿದಳು, ಅತ್ತೆಯನ್ನು ನೋಡಿದಳು. ಇವರ ಉಸಿರಾಟ ನನಗೆ ಕೇಳಿಸುತ್ತಿತ್ತು.

"ಪುಸ್ತಕದಲ್ಲಿ ಬಂದ ಮೇಲೆ ಹಾಗೇ ಮಾಡ್ಬೇಕಲ್ದಾ," ಎಂದು ಮೂರೂ ತಟ್ಟೆ ಎತ್ತಿಕೊಂಡು ಒಳಗೆ ನಡೆದಳು.

ಒಲೆ ಇರಲಿಲ್ಲ, ಗ್ಯಾಸ್. ಅದರ ಪಕ್ಕ ಮಿಕ್ಸಿ, ಮಿಕ್ಸಿ ಪಕ್ಕ ನಾವು. ಗೋಡೆಗಳೂ ಬೆವರುವ ಸೆಕೆ. "ಇದೇನವ್ವಾ, ಬಿಸಲೇ ಇಲ್ಲ, ಮೈಯೆಲ್ಲಾ ತೊಯ್ದದ!" ಎಂದಳು ಅತ್ತೆ. ಮೂವತ್ತನಾಲ್ಕರ ವಿಷಯದಲ್ಲಿ ಪುಸ್ತಕವೇ ಸರಿ, ಒಪ್ಪಬೇಕು. ಖಾರದ ವಿಷಯದಲ್ಲಿ ಅತ್ತೆ ಸರಿ. ಸಾರಿಗೆ ಬೆಲ್ಲ, ಪಲ್ಯಕ್ಕೆ ತೆಂಗಿನಕಾಯಿ, ಉಪ್ಪು ಇದ್ದೂ ಇಲ್ಲದಂತೆ. ಹಿಂಡಿಯ ಗಂಟು ಹೊರಗೆ ಜಗಲಿಯ ಮೇಲಿತ್ತು. ತರಲು ಏಳುವಂತಿಲ್ಲ, ಹೋರಾಡಿ ಗೆದ್ದ ಜಾಗ. ಮೂವರೂ ಒಂದಗುಳು ಬಿಡದೆ ಉಂಡೆವು. ಯಾರೋ ಬಡಿಸಿದರು, ನಾನು ಕೂತು ಉಂಡೆ. ಕಣ್ಣು ತುಂಬಿ ಬಂತು.

ಆಕೆ ಗಾಬರಿಯಾದಳು. "ಅಯ್ಯೋ, ಖಾರ ಆಯ್ತಾ?" ಎಂದು ನೀರು ತಂದುಕೊಟ್ಟಳು. ಇವರು ನಕ್ಕು ನಕ್ಕು ನೆತ್ತಿಗೇರಿಸಿಕೊಂಡರು. ಅವರಿಗೂ ನೀರು ಕೊಟ್ಟಳು.

ಈಗ ಹೊಸ ರಗಳೆ. ಆ ಪುಟ ಹರಿದು ಕೊಡಿ, ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇನೆ ಎನ್ನುತ್ತಿದ್ದಾಳೆ. "ಮೂಲ ಪ್ರತಿ ಕೊಡಂಗಿಲ್ರಿ. ಜೆರಾಕ್ಸ್ ಕೊಡ್ತೀವಿ," ಎಂದು ಇವರು ಚಹಾ ಕುಡಿಯುತ್ತ ಹೇಳುತ್ತಿದ್ದಾರೆ. ನಾನೂ ಕೊಡುವುದಿಲ್ಲ. ದಸರಾ ರಜೆಯಲ್ಲಿ ಮದೀನಾಬೀ ಬರಬೇಕು, ಇದೇ ಪುಟ ಹಿಡಿದುಕೊಂಡು. ಮಡಚುವುದಿಲ್ಲ ಎಂದು ಆಣೆ ಮಾಡಿದ್ದೆ, ಬರೆಯುವುದಿಲ್ಲ ಎಂದಲ್ಲ. ಪೆನ್ಸಿಲಿನಲ್ಲಿ ಅಂಚಿಗೆ ಬರೆದಿದ್ದೇನೆ: 'ಫೋನ್ ಬೇಡ. ಸೀದಾ ಬನ್ನಿ. ಪುಟ ತೋರಿಸಿ. ಖಾರ ತನ್ನಿ.'

ಅತ್ತೆ ಯಾರನ್ನೂ ಕಾಯದೆ ಸಮುದ್ರಕ್ಕೆ ಹೋಗಿ ಬಂದಿದ್ದಾಳೆ! ಸೀರೆ ಮೊಣಕಾಲವರೆಗೆ ಒದ್ದೆ, ತಲೆ ನೆಟ್ಟಗೆ. ಹೇಗಿದೆ ಎಂದು ಕೇಳಿದೆ.

"ನಿನ್ನಿ ಸಾರಿನಾಗ ಇಲ್ಲದ್ದ ಉಪ್ಪ ಎಲ್ಲಾ ಅಲ್ಲೇ ಸುರುವ್ಯಾರ. ನಡಿ, ತೋರಸ್ತೀನಿ."

ಮನೆಯೊಡತಿಗೂ ಕೇಳಿಸಿತು. ನಕ್ಕಳು, ಪುಣ್ಯಕ್ಕೆ.

ಹನ್ನೊಂದು ವರ್ಷ ಬರೆದ ಗೆರೆ ಆ ತೆಂಗಿನ ಸಾಲಿನಾಚೆ ಇದೆ. ಇವರು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದಾರೆ. ಸಮುದ್ರವನ್ನು ಯಾವ ಹೊತ್ತಿಗೆ ನೋಡಿದರೆ ಚೆಂದ ಎಂದು ಪುಸ್ತಕದಲ್ಲಿ ಏನೋ ಇತ್ತು, ಅದೊಂದು ನೋಡಿಕೊಂಡು — ಅತ್ತೆ ಒದ್ದೆ ಕೈಯಿಂದ ಪೆನ್ನು ಎಳೆಯುತ್ತಿದ್ದಾಳೆ, ಬಂದೆ ಎಂದರೂ ಬಿಡ—